ಅರವತ್ತೆರಡು ಪರ್ಸೆಂಟಿನ ಭಾವ

ನಮ್ಮ ಭಾವ ಲೈಬ್ರರಿಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವವರು. ಮೂವತ್ತೊಂದು ವರ್ಷದಿಂದ ಅದೇ ಮೇಜು, ಅದೇ ದಬ್ಬಣ, ಅದೇ ಗೋಂದಿನ ಡಬ್ಬಿ. ಅವರು ಹೊಲಿದ ಪುಸ್ತಕದಿಂದ ಗೋಡೆಗೆ ಮೊಳೆ ಹೊಡೆಯಬಹುದು, ಅಷ್ಟು ಗಟ್ಟಿ. ಒಳಗೆ ಹಾಳೆಗಳೆಲ್ಲ ಇವೆಯೇ ಎಂದು ಕೇಳಿದರೆ ಮಾತ್ರ ಮೂಗಿನ ತುದಿಗೆ ಸಿಟ್ಟು ಬರುತ್ತದೆ.

"ಇರೋದನ್ನ ಹೊಲಿಯೋದು ನನ್ನ ಕೆಲಸ ಕಣಯ್ಯ. ಇಲ್ಲದ್ದನ್ನ ಹುಡುಕೋಕೆ ನಾನೇನು ಪೊಲೀಸಾ?"

ಮನೆಗೆ ಕಂಪ್ಯೂಟರ್ ಬಂದ ಮೇಲೂ ಇದೇ ಧರ್ಮ ಮುಂದುವರಿಯಿತು. ಫೋನಿನ ತಂತಿಯಲ್ಲೇ ಇಂಟರ್ನೆಟ್ ಬರುತ್ತಿದ್ದ ಕಾಲ ಅದು. ಭಾವ ಕಂಡಕಂಡದ್ದನ್ನೆಲ್ಲ ಡೌನ್‌ಲೋಡ್ ಮಾಡಲು ಕೂರುತ್ತಿದ್ದರು. ಅಕ್ಕ ಅಡುಗೆಮನೆಯಲ್ಲಿ ಫೋನ್ ಎತ್ತಿದಳೋ, ಸಂಪರ್ಕ ಕಡಿದು ಫೈಲು ನಲವತ್ತಕ್ಕೋ ಅರವತ್ತೆರಡಕ್ಕೋ ನಿಂತುಬಿಡುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡುವ ತಾಳ್ಮೆ ಭಾವನಿಗಿಲ್ಲ, ಅಳಿಸಿಹಾಕಲು ಮನಸ್ಸೂ ಇಲ್ಲ. ಹೀಗೆ ಹಾರ್ಡ್‌ಡಿಸ್ಕಿನಲ್ಲಿ ಬಿದ್ದುಕೊಂಡ ಅರೆಬರೆ ಫೈಲುಗಳು ಮುನ್ನೂರ ಹನ್ನೊಂದು. ಬೀದಿಯವರು ಅವರಿಗಿಟ್ಟ ಹೆಸರು 'ಅರವತ್ತೆರಡು ಪರ್ಸೆಂಟು'.

ಈ ಅರ್ಧ ವಿದ್ಯೆಯ ಫಲವನ್ನು ನಾವೆಲ್ಲ ಉಂಡಿದ್ದೇವೆ. ಆ ಮನೆಯಲ್ಲಿ ಯಾವ ಸಿನಿಮಾದ ಖಳನಾಯಕನೂ ಇವತ್ತಿನವರೆಗೆ ಸತ್ತಿಲ್ಲ. ಈಜಿನ ಪಾಠ ನೀರಿಗೆ ಇಳಿಯುವವರೆಗೆ ಮಾತ್ರ ಇದೆ. ಮನೆಮದ್ದಿನ ಪುಸ್ತಕದಲ್ಲಿ ರೋಗಲಕ್ಷಣಗಳೆಲ್ಲ ಬಂದು ಮದ್ದಿನ ಭಾಗ ಬಂದಿಲ್ಲ. ಹಾಗಾಗಿ ಭಾವನಿಗೆ ನನ್ನಲ್ಲಿ ಏಳು ಕಾಯಿಲೆ ಕಂಡಿವೆ, ಒಂದೂ ವಾಸಿಯಾಗಿಲ್ಲ.

ಪ್ರತಿ ಭಾನುವಾರ ಭಾವ ಡಿಸ್ಕನ್ನು ಡಿಫ್ರಾಗ್ ಮಾಡುತ್ತಿದ್ದರು. ಕಂಪ್ಯೂಟರ್ ಒಂದೊಂದು ಫೈಲನ್ನೂ ಚೂರು ಮಾಡಿ ಜಾಗ ಸಿಕ್ಕಲ್ಲಿ ತುರುಕಿರುತ್ತದೆ. ಆ ಚೂರುಗಳನ್ನು ತಂದು ಒಂದೇ ಕಡೆ ಸಾಲಾಗಿ ಕೂರಿಸುವ ಕೆಲಸ ಅದು. ಪರದೆಯ ಮೇಲೆ ಕೆಂಪು, ನೀಲಿ ಚೌಕಗಳು ಮೆಲ್ಲಗೆ ಸರಿಯುತ್ತಿದ್ದರೆ ಭಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತ ಕೂರುತ್ತಿದ್ದರು. ಫ್ಯೂಸ್ ಹೋಗಿಬಿಟ್ಟೀತೆಂದು ಅಂದು ಮಿಕ್ಸಿ ಹಾಕುವಂತಿಲ್ಲ, ಇಸ್ತ್ರಿ ಮಾಡುವಂತಿಲ್ಲ. ಅರ್ಧ ಫೈಲನ್ನು ಎಷ್ಟು ಅಂದವಾಗಿ ಜೋಡಿಸಿದರೂ ಅದು ಅರ್ಧವೇ ತಾನೇ ಎಂದು ನಾನೊಮ್ಮೆ ಕೇಳಿದೆ. ಭಾವ ನನ್ನ ಎಂಟನೆಯ ಕಾಯಿಲೆ ಕಂಡವರ ಹಾಗೆ ನೋಡಿದರು.

ಇನ್ನು ಅಕ್ಕನ ವಿಷಯ. ಅವಳು ನಿವೃತ್ತ ಟೀಚರ್. ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಒಬ್ಬಳಿದ್ದಳು, ಹುಟ್ಟಿನಿಂದ ಕಣ್ಣು ಕಾಣದವಳು. ಲೈಬ್ರರಿಯಿಂದ ತಂದ ಒಂದು ದಪ್ಪ ಪತ್ತೇದಾರಿ ಕಾದಂಬರಿಯನ್ನು ಅಕ್ಕ ಆಕೆಗಾಗಿ ಗಟ್ಟಿಯಾಗಿ ಓದಿ, ಅದೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ, ಸೀಡಿಗೆ ಹಾಕಿ ಕೊಡುತ್ತಿದ್ದಳು. ವಾರಕ್ಕೊಂದು ಅಧ್ಯಾಯ. ತಾನೂ ಮುಂದಿನದನ್ನು ಓದಿಕೊಳ್ಳುತ್ತಿರಲಿಲ್ಲ. ಮೊದಲೇ ಗೊತ್ತಿದ್ದರೆ ಕೊಲೆಗಾರ ಯಾರೆಂದು ದನಿಯೇ ಹೇಳಿಬಿಡುತ್ತದೆ ಎಂಬ ಭಯ. ಸೀಡಿ ಕೇಳಿ ಮುಗಿದ ಕೂಡಲೇ ಇಬ್ಬರೂ ಫೋನಿನಲ್ಲಿ ಗಂಟೆಗಟ್ಟಲೆ ತನಿಖೆ ನಡೆಸುತ್ತಿದ್ದರು. ಭಾವನ ಡೌನ್‌ಲೋಡುಗಳು ಅರ್ಧಕ್ಕೆ ನಿಂತದ್ದು ಹೆಚ್ಚಾಗಿ ಆಗಲೇ.

ಏಳು ತಿಂಗಳು ಹೀಗೆ ನಡೆಯಿತು. ಆಮೇಲೆ ಆಪರೇಟರಿಗೆ ದೂರದ ಊರಿಗೆ ವರ್ಗವಾಯಿತು. ಭಾನುವಾರ ಸಂಜೆ ಐದಕ್ಕೆ ಬಸ್ಸು ಹತ್ತುವ ಮೊದಲು ಬಂದು ಕೊನೆಯ ಅಧ್ಯಾಯದ ಸೀಡಿ ತೆಗೆದುಕೊಂಡು ಹೋಗುವುದೆಂದು ಮಾತಾಯಿತು. ಶನಿವಾರ ಅಕ್ಕ ಓದಲು ಕೂತರೆ ಡಿಸ್ಕಿನಲ್ಲಿ ಜಾಗವೇ ಇಲ್ಲ.

"ರೀ, ಒಂದಷ್ಟು ಅಳಿಸಿ," ಎಂದಳು ಅಕ್ಕ.

"ಅಳಿಸೋದು ಯಾಕೆ? ಒತ್ತೊತ್ತಾಗಿ ಜೋಡಿಸಿದ್ರೆ ಜಾಗ ತಾನಾಗೇ ಆಗತ್ತೆ. ಕಪಾಟಲ್ಲಿ ಪುಸ್ತಕ ಜೋಡಿಸಲ್ವಾ, ಹಾಗೆ."

ಭಾನುವಾರ ಬೆಳಗ್ಗೆ ಆರಕ್ಕೇ ಭಾವ ಡಿಫ್ರಾಗ್ ಶುರು ಮಾಡಿದರು. ಜಾಗ ಸಾಲದು, ತುಂಬ ಹೊತ್ತು ಹಿಡಿಯುತ್ತದೆ ಎಂದು ಕಂಪ್ಯೂಟರೇ ಎಚ್ಚರಿಸಿತು. ಭಾವ 'ಆಗಲಿ' ಒತ್ತಿದರು. ಅದೇನು ಹಠವೋ ಆ ಮನುಷ್ಯನಿಗೆ, ಹೆಂಡತಿಯ ಮಾತೂ ಬೇಡ, ಯಂತ್ರದ ಮಾತೂ ಬೇಡ. ನಾನು ಹತ್ತು ಗಂಟೆಗೆ ಹೋದಾಗ ಒಂಬತ್ತು ಪರ್ಸೆಂಟ್. ಊಟದ ಹೊತ್ತಿಗೆ ನಲವತ್ತೊಂದು. ಅಕ್ಕ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು, ಬೈಯಲಿಲ್ಲ.

"ಬರೀ ಕತೆ ಅಲ್ಲ ಕಣೋ ಇದು," ಎಂದಳು ನನಗೆ. "ಅವಳು ನನ್ನ ನಂಬಿ ಏಳು ತಿಂಗಳು ಕಾದಿದ್ದಾಳೆ. ಈ ಮನೇಲಿ ಒಂದಾದ್ರೂ ಪೂರ್ತಿ ಮುಗೀಬೇಕು."

ಮೂರು ಗಂಟೆಗೆ ನೂರು ಪರ್ಸೆಂಟ್ ಆಯಿತು. ಚೌಕಗಳೆಲ್ಲ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಖಾಲಿ ಜಾಗ ಎಷ್ಟಿತ್ತೋ ಅಷ್ಟೇ. ಒಂಬತ್ತು ಗಂಟೆ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಭಾವ ಪರದೆಯನ್ನು ನೋಡಿದರು, ಆಮೇಲೆ ಅಕ್ಕನ ಮುಖವನ್ನು ನೋಡಿದರು. ಕುರ್ಚಿ ಎಳೆದುಕೊಂಡು ಅಳಿಸಲು ಶುರು ಮಾಡಿದರು. ಈಜು ಹೋಯಿತು. ಮನೆಮದ್ದು ಹೋಯಿತು. ಸಾಯದ ಖಳನಾಯಕರೆಲ್ಲ ಒಂದೇ ಏಟಿಗೆ ಸತ್ತರು. ನನಗೆ ನಗು ಬರಬೇಕಿತ್ತು. ಆದರೆ ಅಳಿಸುವ ಮೊದಲು ಅವರು ಹೆಸರು ಓದಿಕೊಳ್ಳುತ್ತಿದ್ದುದನ್ನು ಕಂಡು ಪಾಪ ಎನಿಸಿತು.

ಅಕ್ಕ ಮೈಕಿನ ಮುಂದೆ ಕೂತಳು. ನಾವಿಬ್ಬರೂ ಬಾಗಿಲ ಬಳಿ ಉಸಿರು ಹಿಡಿದು ನಿಂತೆವು. ಎಷ್ಟು ಚೆನ್ನಾಗಿ ಓದುತ್ತಾಳೆ ಅವಳು. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಗೆ ಕರೆಸಿದ. ಕಿಟಕಿ ಮುಚ್ಚಿದ. "ಕೊಲೆ ಮಾಡಿದವರು ಈ ಕೋಣೆಯಲ್ಲೇ ಇದ್ದಾರೆ, ಅವರು" ಎಂದು ಓದಿ ಅಕ್ಕ ಹಾಳೆ ತಿರುಗಿಸಿದಳು.

ತಿರುಗಿಸಿದರೆ ರಟ್ಟು.

ಕೊನೆಯ ಹದಿನಾರು ಪುಟ ಇರಲಿಲ್ಲ. ಹರಿದದ್ದರ ಗುರುತೂ ಇಲ್ಲ, ಅಷ್ಟು ನೀಟಾದ ಹೊಲಿಗೆ. ರಟ್ಟಿನ ಒಳಬದಿಗೆ ಲೈಬ್ರರಿಯ ಚೀಟಿ ಅಂಟಿಸಿತ್ತು: 'ಹಾಳೆಗಳು ಸರಿ ಇವೆ.' ಕೆಳಗೆ ಭಾವನ ರುಜು.

ಅಕ್ಕ ಪುಸ್ತಕವನ್ನು ಅವರ ಕೈಗೆ ಕೊಟ್ಟು ಒಳಗೆ ಹೋದಳು. ಭಾವ ತಮ್ಮ ರುಜುವನ್ನು ಬಹಳ ಹೊತ್ತು ನೋಡಿದರು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು. ಇಷ್ಟು ವರ್ಷ ಹಾಗೆ ಹೊಲಿದವು ಎಷ್ಟಿರಬಹುದೆಂದು ನನಗೆ ಅನಿಸಿತು; ಅವರಿಗೂ ಅದೇ ಅನಿಸಿರಬೇಕು.

ನಾಲ್ಕೂ ಕಾಲಿಗೆ ಬಾಗಿಲು ಬಡಿದ ಸದ್ದಾಯಿತು. "ಟೀಚರ್, ಮುಗೀತಾ? ನಾನು ಹೇಳಿರ್ಲಿಲ್ವಾ, ಡಾಕ್ಟರೇ ಮಾಡಿರೋದು," ಎಂದು ಆಪರೇಟರ್ ಹೊರಗಿನಿಂದಲೇ ಕೇಳಿದಳು. ಅಕ್ಕ ಅವಳನ್ನು ಕೂರಿಸಿ ಮಾತಿಗೆಳೆದಳು. ಒಳಗೆ ಭಾವ ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಇಲ್ಲಿಗೆ ಪುಸ್ತಕದ ಹಾಳೆ ಮುಗೀತಮ್ಮ. ಕತೆ ಮುಗಿದಿಲ್ಲ. ನೋಡದೇ ಹೊಲಿದವನು ನಾನು, ಟೀಚರದು ತಪ್ಪಿಲ್ಲ. ಆ ಹದಿನಾರು ಪುಟ ಎಲ್ಲಿದ್ರೂ ಹುಡುಕ್ತೀನಿ. ಸಿಕ್ಕಿದ ದಿನ ಟೀಚರ್ ಫೋನಲ್ಲೇ ಓದಿ ಹೇಳ್ತಾರೆ."

ಸೀಡಿಯನ್ನು ತಾವೇ ಹೊರಗೆ ತಂದು ಆಕೆಯ ಕೈಗಿಟ್ಟರು. ವಾಪಸು ಬಂದು ಕಂಪ್ಯೂಟರಿನಿಂದ ಫೋನಿನ ತಂತಿ ಕಿತ್ತು ಸುರುಳಿ ಸುತ್ತಿ ಡ್ರಾಯರಿಗೆ ಹಾಕಿದರು. ಇನ್ನು ಫೋನು ಪೂರ್ತಿ ಅಕ್ಕನದು.

ಅವರ ದನಿಯ ಆ ಫೈಲು ಇಪ್ಪತ್ತೆರಡು ಸೆಕೆಂಡಿನದು. ಆ ಡಿಸ್ಕಿನಲ್ಲಿ ಭಾವನದೆಂದು ಪೂರ್ತಿಯಾಗಿ ಇರುವುದು ಅದೊಂದೇ.