ಸೆಲ್ವಮ್ಮನ ಸಮನ್ಸು, ನನ್ನ ಪಾಲಿನ ಕೋಳಿ

ಕೇಳಿ ಗೆಳೆಯರೇ, ಇವತ್ತು ಬೆಳಿಗ್ಗೆ ನನಗೊಂದು ಕೋಳಿ ಸಿಕ್ಕಿತ್ತು, ಸಂಜೆಗೆ ಹೋಯಿತು. ಹೋದ ವರ್ಷ ರಂಗೂನಿನಿಂದ ಬಂದು ಕಾಗದನಗರದಲ್ಲಿ ನಮ್ಮ ಪಕ್ಕದ ಮನೆ ಸೇರಿದ ಸೆಲ್ವಮ್ಮನಿಗೆ ಶಿವಮೊಗ್ಗದ ಕೋರ್ಟಿನಿಂದ ಸಮನ್ಸು ಬಂದಿತ್ತು. "ನನ್ನ ವಾಪಸ್ ಬರ್ಮಾಗೆ ಕಳಿಸ್ತಾರೆ ಅಕ್ಕಾ, ಕೋಳಿ ನೀವೇ ಇಟ್ಕೊಳ್ಳಿ" ಎಂದು ಅಳುತ್ತ, ಬಟ್ಟೆಗಂಟು ಹಿಡಿದು ಬಸ್ಸು ಹತ್ತಿದ್ದಳು.

ಸಂಜೆ ನಗುತ್ತ ಬಂದಳು. ನನಗೂ ಜೀವ ಬಂದಂತಾಯಿತು. ದುರ್ಗಿಗುಡಿಯಲ್ಲಿ ಜಟಕಾ ಸೈಕಲ್ಲಿಗೆ ಗುದ್ದಿದ್ದನ್ನು ಕಣ್ಣಾರೆ ಕಂಡವಳೆಂದು ಸಾಕ್ಷಿಗೆ ಕರೆದಿದ್ದರಂತೆ. "ತಂಗಿ ಮದುವೆಗೆ ಮದ್ರಾಸಿಗೆ ಹೋಗೋಕೆ ಯಾರ ಪರ್ಮಿಷನ್ ಬೇಕು ಅಂತಾನೂ ಕೇಳಿದೆ. ನೀವು ಈ ದೇಶದವರೇ, ಟಿಕೆಟ್ ತಗೊಂಡ್ರೆ ಸಾಕಮ್ಮಾ ಅಂದ್ರು ವಕೀಲರು. ಎಲ್ಲಿ ಅಕ್ಕಾ ನನ್ನ ಕೋಳಿ?"

ಕೊಟ್ಟೆ. ಮಧ್ಯಾಹ್ನ ಅದು ಇಟ್ಟ ಮೊಟ್ಟೆಯನ್ನು ನಾನು ತಿಂದದ್ದಕ್ಕೆ ಆ ಕೋಳಿಯೊಂದೇ ಸಾಕ್ಷಿ. ಅದಕ್ಕೆ ಯಾವ ಕೋರ್ಟೂ ಸಮನ್ಸು ಕಳಿಸಲಾರದು.