ಹಳೆಯ ಹೊಟ್ಟು ಒಂದು ಹಿಡಿ

ಹೋದ ವಾರ ಲಿಂಗಸುಗೂರಿನ ನಮ್ಮ ಮನೆಯಲ್ಲಿ ಭತ್ತದ ಹೊಟ್ಟಿನ ಚೀಲ ಬಿಚ್ಚಿದೆ. ಸಿಂಧನೂರಿನ ರೈಸ್ ಮಿಲ್ಲಿನಿಂದ ತರಿಸಿದ್ದು. ಆ ಒಣ, ಗಂಟಲು ಕೆರೆಯುವ ವಾಸನೆ ಮೂಗಿಗೆ ಬಡಿದು ಸೀನು ಬಂತು. ಸೀನಿನ ಹಿಂದೆಯೇ ಚಾಚಿ ನೆನಪಾದಳು. ಎಷ್ಟೋ ವರ್ಷದಿಂದ ನೆನಪಾಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಹೊಟ್ಟು ತರಿಸಿದ್ದು ಮೊಲಕ್ಕೆ. ಕಾಲೇಜಿಗೆ ಹೋಗುವ ಮಗಳು ನನ್ನನ್ನು ಒಂದು ಮಾತು ಕೇಳದೆ ಅಂಗಡಿಯಿಂದ ಬಿಳಿ ಮೊಲ ತಂದಿದ್ದಾಳೆ. ಫೋಟೋದಲ್ಲಿ ಬಹಳ ಚೆಂದ ಕಾಣುತ್ತದೆ. ಆದರೆ ಅದು ಸೋಫಾದ ಮೇಲೆ, ಮಡಚಿಟ್ಟ ಬಟ್ಟೆಯ ಮೇಲೆ, ನಮ್ಮ ಯಜಮಾನರ ದಿಂಬಿನ ಮೇಲೆ ಉಚ್ಚೆ ಹೊಯ್ಯುತ್ತದೆ. ಆ ಫೋಟೋ ಯಾರೂ ಹಾಕುವುದಿಲ್ಲ.

ಚಾಚಿ ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯವಳು. ಒಂದೇ ಕಾಂಪೌಂಡು. ಮುಂದೆ ಮನೆಯ ಮಾಲಕಿ, ನಾವೆಲ್ಲ ಅಮ್ಮ ಎನ್ನುತ್ತಿದ್ದೆವು; ಹಿಂದೆ ಎರಡು ಬಾಡಿಗೆ ಮನೆ. ಒಂದರಲ್ಲಿ ನಾನು, ನಮ್ಮ ಯಜಮಾನರು. ಇನ್ನೊಂದರಲ್ಲಿ ಚಾಚಿ, ಒಬ್ಬಳೇ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಸೀರೆಗೆ ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟಿ ಬದುಕುತ್ತಿದ್ದಳು. ಮನಸ್ಸಿನ ಸಂತೋಷಕ್ಕೆ ಮೊಲ.

ಅಮ್ಮನ ಬಾಯಿ ಜೋರು. ಆದರೂ ನಾನು ಆಕೆಯನ್ನು ಬೈಯುವುದಿಲ್ಲ. ನಾವು ಮಸ್ಕಿ ಕಡೆಯ ಬೌದ್ಧರು. ಮನೆ ಹುಡುಕುತ್ತ ಊರೆಲ್ಲ ಅಲೆದು, "ನಿಮ್ದು ಯಾವ ಮಂದಿ?" ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ವಾಪಸು ಬಂದವರು. ಅಮ್ಮ ಅದನ್ನು ಕೇಳಲಿಲ್ಲ. "ನೀರು ಪೋಲು ಮಾಡಬ್ಯಾಡ್ರಿ" ಅಂದಳು, ಕೀಲಿ ಕೊಟ್ಟಳು. ಚಾಚಿಗೂ ಹಾಗೆಯೇ. ಒಂಟಿ ಹೆಂಗಸು, ಮುಸಲ್ಮಾನಳು, ಜೊತೆಗೆ ಮೊಲ... ಆ ಮನೆ ಬಿಟ್ಟರೆ ಇನ್ನೊಂದು ಮನೆ ಸಿಗುವುದು ಕಷ್ಟ ಎಂದು ನಮಗೆಲ್ಲ ಗೊತ್ತಿತ್ತು.

ಅಮ್ಮನ ಷರತ್ತು ಇಷ್ಟೇ: ಎರಡೇ ಮೊಲ ಇರಬೇಕು, ಎರಡೂ ಹೆಣ್ಣಾಗಿರಬೇಕು, ಅಂಗಳದಲ್ಲಿ ಹೊಲಸು ಬೀಳಬಾರದು.

ಹೊಲಸಿನ ವಿಷಯದಲ್ಲಿ ಚಾಚಿ ಪಕ್ಕಾ ಇದ್ದಳು. ಮೊಲ ತಾನಾಗಿ ಯಾವ ಮೂಲೆಗೆ ಹೋಗುತ್ತದೆ ಎಂದು ಮೊದಲು ನೋಡುತ್ತಿದ್ದಳು. ಅದೇ ಮೂಲೆಗೆ ಒಂದು ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಭತ್ತದ ಹೊಟ್ಟು. ಬೇರೆ ಕಡೆ ಹಾಕಿದ ಹಿಕ್ಕೆಯನ್ನು ಆರಿಸಿ, ಉಚ್ಚೆ ಒರೆಸಿದ ಅರಿವೆಯನ್ನೂ ಅದರೊಳಗೆ ಇಡುತ್ತಿದ್ದಳು. ಟಬ್ಬಿನ ಅಂಚಿಗೆ ಒಂದು ಕಟ್ಟು ಹುಲ್ಲು.

"ಕಕ್ಕಸಿನ್ಯಾಗ ಊಟ ಯಾಕ ಇಡ್ತಿ ಚಾಚಿ?" ಎಂದು ನಾನು ಕೇಳಿದ್ದೆ.

"ಇವು ತಿನ್ಕೋತನ ಹಿಕ್ಕಿ ಹಾಕ್ತಾವ ಬೇಟಿ. ನಮ್ಮ ಮೈದುನ ಪೇಪರ್ ಓದ್ಕೋತ ಕುಂದ್ರತಾನಲ್ಲ, ಹಂಗ."

ಹೊಟ್ಟು ಬದಲಿಸುವಾಗಲೂ ಹಳೆಯದನ್ನು ಒಂದು ಹಿಡಿ ಉಳಿಸುತ್ತಿದ್ದಳು. ಎಲ್ಲ ತೊಳೆದರೆ ಮೊಲಕ್ಕೆ ತನ್ನ ಜಾಗ ತಿಳಿಯುವುದಿಲ್ಲ ಎನ್ನುತ್ತಿದ್ದಳು.

ಆದರೆ ಎರಡೂ ಹೆಣ್ಣು ಎನ್ನುವ ಷರತ್ತಿನಲ್ಲಿ ಚಾಚಿ ಬಿದ್ದಳು. ಸಂತೆಯಲ್ಲಿ ಮಾರಿದವನು ಆಣೆ ಮಾಡಿ ಹೇಳಿದ್ದನಂತೆ, ಇವಳು ನಂಬಿದ್ದಳು. ಸಣ್ಣ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಅವಳಿಗೂ ಬರುತ್ತಿರಲಿಲ್ಲ. ಒಂದು ದಿನ ಕಂದು ಮೊಲ ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಓಡಾಡತೊಡಗಿತು, ಎದೆಯ ಕೂದಲನ್ನು ತಾನೇ ಕಿತ್ತುಕೊಳ್ಳತೊಡಗಿತು. ಚಾಚಿ ಹುಳುಕಡ್ಡಿ ಎಂದುಕೊಂಡು ಬೇವಿನೆಣ್ಣೆ ಸವರಿದಳು! ಮರುದಿನ ನೋಡಿದರೆ ಟಬ್ಬಿನ ಹೊಟ್ಟಿನ ಮೇಲೆ ಕೂದಲಿನ ಹಾಸಿಗೆ, ಅದರಲ್ಲಿ ಕಣ್ಣು ಬಿಡದ, ಮೈಮೇಲೆ ತುಪ್ಪಳವಿಲ್ಲದ ಮರಿಗಳು. ಕಕ್ಕಸಿನಲ್ಲೇ ಬಾಣಂತನ.

ಅಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡು ಬಂದಳು.

"ಏನಬೇ ಚಾಚಿ, ಎರಡೂ ಹೆಣ್ಣಂದಿದ್ದಿ? ಇವು ಮುಗಿಲಿಂದ ಉದುರ್ಯಾವೇನು?"

"ನನಗೂ ಮೋಸ ಆಗೇತ್ರಿ ಅಮ್ಮಾರ."

"ಮರಿ ಹುಲ್ಲು ತಿನ್ನೂತನಕ ಸುಮ್ನಿರತೀನಿ. ಆಮ್ಯಾಲೆ ಮರಿ, ತಾಯಿ, ಅಪ್ಪ, ಎಲ್ಲಾ ಹೋಗಬೇಕು. ಇಲ್ಲಂದ್ರ ನೀ ಹೋಗು."

ಚಾಚಿ ಗಂಡು ಮೊಲವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟಳು. ಮರಿಗಳು ಹುಲ್ಲು ತಿನ್ನಲು ಕಲಿತ ಮೇಲೆ ಒಂದೊಂದನ್ನೇ ಗುರುತಿನವರಿಗೆ ಕೊಟ್ಟಳು. ಕೊಡುವಾಗ ಮರಿಯ ಜೊತೆ ಕವರಿನಲ್ಲಿ ಒಂದು ಹಿಡಿ ಹೊಲಸು ಹೊಟ್ಟು. "ಟಬ್ಬಿಗೆ ಹಾಕ್ರಿ, ಅಳಾಂಗಿಲ್ಲ" ಎಂದು ಹೆಣ್ಣು ಮಗಳನ್ನು ಕಳಿಸುವವರ ಹಾಗೆ ಹೇಳುತ್ತಿದ್ದಳು. ಪಾಮನಕಲ್ಲೂರಿನ ಒಬ್ಬ ಕಿರಾಣಿ ಅಂಗಡಿಯವನು ಮೂಗು ಮುಚ್ಚಿಕೊಂಡು ಕವರು ತೆಗೆದುಕೊಂಡ, ಬಸ್‌ಸ್ಟ್ಯಾಂಡಿನ ಗಟಾರಕ್ಕೆ ಎಸೆದ. ಕೆಲವು ದಿನ ಬಿಟ್ಟು ನಮ್ಮ ಗೇಟಿನ ಮುಂದೆ ನಿಂತಿದ್ದ.

"ಚಾಚಿ, ಆ ಹೊಲಸಿನ ಪಾಕೀಟು ಇನ್ನೊಂದು ಕೊಡ್ರಿ. ಸಕ್ಕರಿ ಚೀಲದ ಮ್ಯಾಲೆ ಹೊಯ್ಯಾಕತ್ತೈತಿ."

"ಯಾಕ್ರಿ ಸಾವ್ಕಾರ್ರ, ಅವತ್ತ ವಾಸ್ನಿ ಬರ್ತಿತ್ತಲ್ಲ?"

"ಈಗ ಅದರ ವಾಸ್ನೀನ ಬೇಕಾಗೇತವ್ವ."

ಕೊನೆಯ ಮರಿಯನ್ನು ಮಸ್ಕಿಗೆ ಕೊಟ್ಟು ಬರಲು ಚಾಚಿ ಹೋದ ದಿನ ಅಮ್ಮ ಹಿತ್ತಲಿಗೆ ಬಂದಳು. ಇನ್ನೇನು ಎಲ್ಲ ಖಾಲಿಯಾಗುತ್ತದೆ ಎಂದುಕೊಂಡು ಟಬ್ಬಿನ ಹೊಟ್ಟನ್ನು ತಿಪ್ಪೆಗೆ ಸುರಿದು, ಟಬ್ಬು, ಮೂಲೆ, ಕಲ್ಲುಹಾಸು ಎಲ್ಲಕ್ಕೂ ಫಿನೈಲ್ ಹಾಕಿ ತಿಕ್ಕಿದಳು. ನಾನು ಕಚೇರಿಯಿಂದ ಬಂದಾಗ ಕಾಂಪೌಂಡು ಆಸ್ಪತ್ರೆಯ ಹಾಗೆ ನಾರುತ್ತಿತ್ತು. ಕಂದು ಮೊಲ ಟಬ್ಬು ಮೂಸಿ ಹಿಂದೆ ಸರಿಯಿತು. ಅಂಗಳವೆಲ್ಲ ಸುತ್ತಿತು. ಕಡೆಗೆ ಅಮ್ಮ ಮುಂದಿನ ಕಟ್ಟೆಯ ಮೇಲೆ ಒಣಗಲು ಹಾಕಿದ್ದ ಸಂಡಿಗೆಯ ನಡುವೆ ಕುಳಿತು ತನ್ನ ಕೆಲಸ ಮುಗಿಸಿತು. ಯಾವ ಸಂಡಿಗೆ ಒಳ್ಳೆಯದು, ಯಾವುದಕ್ಕೆ ಉಚ್ಚೆ ಬಿದ್ದಿದೆ ಎಂದು ಬೇರೆ ಮಾಡುವ ಹಾಗಿರಲಿಲ್ಲ.

ಚಾಚಿ ಬಸ್ಸಿಳಿದು ಬಂದಾಗ ಅಮ್ಮ ಬಾಗಿಲಲ್ಲೇ ಹಿಡಿದಳು.

"ಜಾಗಾ ತಿಳಿತೈತಿ ಅಂತಿದ್ದಿಯಲ್ಲ, ಇದೇನಬೇ ಜಾಗಾ? ನನ್ನ ಸಂಡಿಗಿ?"

ಚಾಚಿ ಮೂಗೆಳೆದಳು. ಫಿನೈಲ್ ಅವಳಿಗೂ ಬಡಿದಿರಬೇಕು.

"ಅಮ್ಮಾರ, ಅದರ ಜಾಗಾ ನೀವ ಅಳಿಸೀರಿ. ಅದಾದ್ರೂ ಎಲ್ಲಿಗಿ ಹೋಗಬೇಕು?" ಆಮೇಲೆ ಕೈಚೀಲ ಕೆಳಗಿಟ್ಟು, "ನಾಳಿ ಸಂಜೀತನಕ ಟೈಮ್ ಕೊಡ್ರಿ. ಟಬ್ಬಿನ್ಯಾಗ ಹೋಗಲಿಲ್ಲಂದ್ರ ಮೊಲಾನೂ ಒಯ್ತೀನಿ, ಮನೀನೂ ಬಿಡ್ತೀನಿ."

ನನಗೆ ಸಿಟ್ಟೇ ಬಂತು. ಮೂಕ ಪ್ರಾಣಿಯ ಹೊಟ್ಟೆಯ ಮೇಲೆ ಮನೆಯ ಬಾಜಿ ಕಟ್ಟುವುದುಂಟೆ? ಚಾಚಿ ನನ್ನ ಕಡೆ ನೋಡಲಿಲ್ಲ. ತಿಪ್ಪೆಗೆ ಹೋಗಿ, ಸೆರಗು ಸೊಂಟಕ್ಕೆ ಸಿಗಿಸಿ, ಕೆದಕಿ ಕೆದಕಿ ಹಳೆಯ ಹೊಟ್ಟನ್ನು ಒಂದು ಹಿಡಿ ಹೆಕ್ಕಿದಳು. ಟಬ್ಬನ್ನು ಬರೀ ನೀರಲ್ಲಿ ಮತ್ತೆ ಮತ್ತೆ ತೊಳೆದು ಗಾಳಿಗಿಟ್ಟು, ಹೊಸ ಹೊಟ್ಟಿನ ಮೇಲೆ ಆ ಹಿಡಿಯನ್ನು ಉದುರಿಸಿದಳು.

ಮರುದಿನ ಅಮ್ಮ ಕುರ್ಚಿ ಹಾಕಿಕೊಂಡು ಕುಳಿತಳು. ಚಾಚಿ ಕುಚ್ಚು ಕಟ್ಟುತ್ತಿದ್ದಳು, ದಾರ ಪದೇಪದೇ ಸಿಕ್ಕಾಗುತ್ತಿತ್ತು. ಮೊಲ ಮೂಲೆಗೆ ಹೋಯಿತು, ಬಂತು. ಸಂಡಿಗೆಯ ಕಟ್ಟೆಯ ಕಡೆ ಮುಖ ಮಾಡಿತು. ಆಮೇಲೆ ಅದು ತಿರುಗಿ, ಟಬ್ಬಿನ ಅಂಚಿಗೆ ಮುಂಗಾಲು ಇಟ್ಟು ಮೂಸಿತು. ಒಳಗೆ ಜಿಗಿದು, ಹುಲ್ಲು ಜಗಿಯುತ್ತ ಕುಳಿತಿತು.

ಅಮ್ಮ ಎದ್ದು ಹೋಗಿ ಟಬ್ಬಿನೊಳಗೆ ಬಗ್ಗಿ ನೋಡಿದಳು. "ಗಂಡು ಕೊಟ್ಬಿಡು. ಇದು ಇರಲಿ," ಅಂದಳು. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿ, "ಸಂಡಿಗಿ ನೀನ ಹಾಕಿಕೊಡಬೇಕು ಮತ್ತ."

ಚಾಚಿ ಹಾಕಿಕೊಟ್ಟಳು. ಚೆನ್ನಾಗಿರಲಿಲ್ಲ, ಉಪ್ಪು ಜಾಸ್ತಿ.

ಆ ಮೇಲೆ ಹೇಳುವಂಥದ್ದು ಹೆಚ್ಚಿಲ್ಲ. ನಮಗೆ ಲಿಂಗಸುಗೂರಿಗೆ ವರ್ಗವಾಯಿತು. ಅಮ್ಮ ತೀರಿಕೊಂಡ ಮೇಲೆ ಆಕೆಯ ಮಕ್ಕಳು ಹಿಂದಿನ ಮನೆಗಳನ್ನು ಕೆಡವಿದರು. ಚಾಚಿ ಮುಕ್ಕುಂದದ ತಂಗಿಯ ಮನೆಗೆ ಹೋದಳು. ಮೊಲವನ್ನೂ ಒಯ್ದಳೋ ಇಲ್ಲವೋ ಗೊತ್ತಿಲ್ಲ... ಅವಳು ತೀರಿಕೊಂಡ ಸುದ್ದಿ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಗುರುತಿನವರೊಬ್ಬರು ಹೇಳಿದರು, ಅವರ ಬಸ್ಸು ಹೊರಟಿತ್ತು. ಹೌದಾ ಅಂದೆ, ನನ್ನ ಬಸ್ಸೂ ಬಂತು. ಅಷ್ಟೇ ಆಗಿದ್ದು.

ಒಮ್ಮೆ ಆ ಕಾಂಪೌಂಡಿನ ಮುಂದೆ ಹಾದು ಹೋಗಿದ್ದೆ. ಹಿತ್ತಲು ಇದ್ದ ಕಡೆ ಟೈಲ್ಸ್ ಹಾಕಿದ್ದಾರೆ, ಕಾರು ನಿಲ್ಲಿಸುತ್ತಾರೆ. ಸ್ವಚ್ಛವಾಗಿದೆ. ಯಾವ ವಾಸನೆಯೂ ಇಲ್ಲ.

ನಿನ್ನೆ ನಮ್ಮ ಮೊಲ ಮೊದಲ ಸಲ ಟಬ್ಬಿನೊಳಗೆ ಹೋಯಿತು. ಅದು ಉಚ್ಚೆ ಹೊಯ್ದಿದ್ದ ದಿಂಬಿನ ಹೊದಿಕೆಯ ಒಂದು ತುಂಡು ಕತ್ತರಿಸಿ ಹೊಟ್ಟಿನ ಮೇಲೆ ಇಟ್ಟಿದ್ದೆ. ಇಂದು ಬೆಳಿಗ್ಗೆ ಮಗಳು ಫಿನೈಲ್ ಬಾಟಲಿ ಹಿಡಿದು ಬಂದಳು. ನಾನು ಟಬ್ಬು ಕಿತ್ತುಕೊಂಡು ಹೊಟ್ಟು ಸುರಿದೆ, ತಳದಲ್ಲಿ ಒಂದು ಹಿಡಿ ಬಿಟ್ಟೆ.

"ಅವ್ವಾ, ಅದನ್ಯಾಕ ಬಿಟ್ಟಿ? ಹೊಲಸು!"

"ಇರಲಿ ಬಿಡು."

ಆ ಹಿಡಿಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೋ ನನಗೆ ನೆನಪಿಲ್ಲ. ಕೇಳೋಣವೆಂದರೆ ಚಾಚಿ ಇಲ್ಲ.