ಎಣಿಸದೆ ರೊಪ್ಪ ತುಂಬಿಸುವ ಆಟ

ನನಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಊಟಕ್ಕೆ ಕೂತರೂ ಮಂಡಿ ಅಲ್ಲಾಡುತ್ತಲೇ ಇರುತ್ತದೆ. ಇದು ಅವ್ವನಿಂದ ಬಂದದ್ದು. ಅವ್ವ ಗೌಡಗೆರೆ ಕಡೆಯ ಹಟ್ಟಿಯಲ್ಲಿ ಹುಟ್ಟಿ, ಕುರಿ ಹಿಂದೆ ನಡೆದೇ ಮುದುಕಿಯಾದವಳು. ನಡಿಗೆ ನಿಂತ ಹೊತ್ತಿನಲ್ಲಿ ಅವಳ ಕೈ ಸುಮ್ಮನಿರುವುದಿಲ್ಲ. ಆ ಕೈಗೆ ಜೀವಮಾನವೆಲ್ಲ ಕೆಲಸ ಕೊಟ್ಟದ್ದು ಸೊಂಟಕ್ಕೆ ಸಿಕ್ಕಿಸಿದ ಎಲೆ ಅಡಿಕೆ ಸಂಚಿ. ಎಲೆ ಒರೆಸುವುದು, ಸುಣ್ಣ ಸವರುವುದು, ಅಡಿಕೆ ಹಾಕುವುದು, ಮೇಲೊಂದು ಚಿಟಿಕೆ ತಂಬಾಕಿನ ಕಡ್ಡಿಪುಡಿ ಉದುರಿಸಿ ದವಡೆಗೆ ಒತ್ತುವುದು. ಎದ್ದಾಗಿನಿಂದ ಮಲಗುವ ತನಕ ಅದೇ.

ಆ ದವಡೆಯಲ್ಲೇ ಬಿಳಿ ಮಚ್ಚೆ ಕಾಣಿಸಿಕೊಂಡಿತು. ತುಮಕೂರಿನ ಡಾಕ್ಟರು ಬಾಯಿಗೆ ಟಾರ್ಚ್ ಬಿಟ್ಟು ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು. "ಸದ್ಯಕ್ಕೆ ಕ್ಯಾನ್ಸರ್ ಥರ ಕಾಣ್ತಿಲ್ಲ. ತಂಬಾಕು ಪೂರ್ತಿ ಬಿಟ್ಟರೆ ಕಮ್ಮಿಯಾಗಬಹುದು. ಬಿಡದಿದ್ದರೆ ಮುಂದೆ ನಾನು ಏನೂ ಹೇಳಲಾರೆ. ದೀಪಾವಳಿ ಕಳೆದ ಮೇಲೆ ಕರ್ಕೊಂಡು ಬನ್ನಿ" ಎಂದರು. ಆಗಿನ್ನೂ ಗೌರಿಹಬ್ಬ ಹತ್ತಿರವಿತ್ತು. ಅವ್ವನನ್ನು ಮತ್ತೆ ಊರಿಗೆ ಬಿಟ್ಟರೆ ಪಕ್ಕದ ಮನೆಯ ಸಂಚಿಯಿಂದ ಬಾಯಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಅವಳನ್ನು ಮಧುಗಿರಿಯ ನಮ್ಮ ಬಾಡಿಗೆ ಮನೆಗೆ ಕರೆತಂದೆ.

ಸಂಚಿ ಕಿತ್ತಿಟ್ಟುಕೊಂಡದ್ದು ಸುಲಭ. ಕೈಯನ್ನು ಏನು ಮಾಡುವುದು? ಅದು ಗಳಿಗೆಗೊಮ್ಮೆ ಸೊಂಟಕ್ಕೆ ಹೋಗಿ, ಏನೂ ಸಿಗದೆ ವಾಪಸು ಬರುತ್ತಿತ್ತು. ಅವ್ವ ಇಡೀ ತಿಂಗಳಿಗಾಗುವಷ್ಟು ಬೆಳ್ಳುಳ್ಳಿ ಬಿಡಿಸಿಟ್ಟಳು. ಮಡಿಸಿದ ಬಟ್ಟೆ ಬಿಚ್ಚಿ ಮತ್ತೆ ಮಡಿಸಿದಳು. ಅಡಿಗೆಮನೆಯ ಡಬ್ಬಗಳನ್ನು ಜಾಗ ಬದಲಿಸಿದಳು, ಹೆಂಡತಿಗೆ ಸಾಸಿವೆ ಸಿಗದೆ ಒಗ್ಗರಣೆ ಸೀದಿತು. "ಅತ್ತೇನ ಸುಮ್ನೆ ಕೂರಿಸೋ ದಾರಿ ನೋಡ್ರಿ, ಇಲ್ಲಾಂದ್ರೆ ನಾನೇ ಹೋಗಿ ಕಡ್ಡಿಪುಡಿ ತಂದ್ಬಿಡ್ತೀನಿ" ಎಂದು ಅವಳು ನನ್ನ ಮೇಲೆ ಹರಿಹಾಯ್ದಳು. ನನಗೂ ರೇಗಿತು. ಸುಮ್ಮನೆ ಕೂರುವುದು ಗೊತ್ತಿದ್ದರೆ ನಾನೇ ಕೂರುತ್ತಿರಲಿಲ್ಲವೇ?

ನಾನು ಪಾವಗಡದ ಒಂದು ಸೋಲಾರ್ ಪ್ಲಾಂಟಿನ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಕೆಲಸವೆಂದರೆ ಪರದೆ ನೋಡುವುದು. ಯಾವುದಾದರೂ ಗೆರೆ ಕೆಂಪಾದರೆ ಫೋನು ಮಾಡಬೇಕು. ಬಿಸಿಲು ಚೆನ್ನಾಗಿರುವ ಊರಿನಲ್ಲಿ ಗೆರೆ ಕೆಂಪಾಗುವುದು ಅಪರೂಪ. ಆ ಬೇಸರಕ್ಕೆ, ಜೊತೆಗೆ ಮಧುಗಿರಿಯಿಂದ ಪಾವಗಡಕ್ಕೆ ದಿನಾ ಹೋಗಿ ಬರುವ ಬಸ್ಸಿನ ಬೇಸರಕ್ಕೆ, ನಾನು ಒಂದು ಹುಚ್ಚು ಹತ್ತಿಸಿಕೊಂಡಿದ್ದೆ. ಚಿಕ್ಕಂದಿನಲ್ಲಿ ಶಿರಾ ಪೇಟೆಯಲ್ಲಿ ಹಟ ಮಾಡಿ ಕೊಡಿಸಿಕೊಂಡ, ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನಲ್ಲಿ ಒಂದು ಆಟವಿತ್ತು. ಗೋದಾಮಿನಲ್ಲಿ ಒಬ್ಬ ಆಳು, ಅಲ್ಲಲ್ಲಿ ಪೆಟ್ಟಿಗೆಗಳು. ಪೆಟ್ಟಿಗೆ ತಳ್ಳಿ ಗುರುತು ಹಾಕಿದ ಜಾಗಕ್ಕೆ ಸೇರಿಸಬೇಕು. ತಳ್ಳಬಹುದು, ಎಳೆಯಲಾಗದು. ಮೂಲೆಗೆ ಹೋಗಿಬಿಟ್ಟರೆ ಅಲ್ಲಿಗೆ ಮುಗಿಯಿತು, ಮೊದಲಿಂದ ಶುರು ಮಾಡಬೇಕು. ಅದನ್ನೇ ನಾನು ಹೊಸದಾಗಿ ಬರೆಯುತ್ತಿದ್ದೆ. ಅದೇ ಜಾತಿಯ ಹಳೆಯ ಯಂತ್ರವೊಂದನ್ನು ಕೊಂಡಿದ್ದೆ. ಅದರ ಪರದೆಯಲ್ಲಿ ಹಸಿರಿನ ನಾಲ್ಕೇ ಛಾಯೆ, ನೆನಪಿಟ್ಟುಕೊಳ್ಳುವ ಶಕ್ತಿ ಈಗಿನ ಫೋನಿನ ಒಂದು ಫೋಟೋಗೂ ಸಾಲದು. ಆ ಇಕ್ಕಟ್ಟಿನಲ್ಲಿ ಒಂದೊಂದನ್ನೂ ಅಡಕವಾಗಿ ಕೂರಿಸುವುದೇ ನನಗೆ ಖುಷಿ. ಯಾರಿಗೆ ಬೇಕು ಈ ಆಟ ಎಂದು ಹೆಂಡತಿ ಕೇಳಿದ್ದಳು. ಯಾರಿಗೂ ಬೇಡವಾಗಿತ್ತು.

ಒಂದು ಭಾನುವಾರ ಜಗಲಿಯ ಮೇಲೆ ಕೂತು ಅದನ್ನು ಪರೀಕ್ಷೆ ಮಾಡುತ್ತಿದ್ದೆ. ಅವ್ವ ಬಂದು ಹೆಗಲ ಮೇಲಿಂದ ಇಣುಕಿದಳು.

"ಅದೇನ್ಲಾ ಅದು, ಆಗ್ಲಿಂದ ಒತ್ತಾನೇ ಇದೀಯ?"

ತೋರಿಸಿದೆ. ಕೈಗೆ ಇಸಕೊಂಡು, ಕಣ್ಣಿನಿಂದ ದೂರ ಹಿಡಿದು, ಒಂದೊಂದೇ ಗುಂಡಿ ಒತ್ತಿದಳು. ಆಳು ಹೋಗಿ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿ ನಿಂತ. "ಥೂ, ಮುಂಡೇದು" ಎಂದು ಬೈದು ಮತ್ತೆ ಶುರು ಮಾಡಿದಳು. ಕಾಫಿ ಆರಿ ಕೆನೆ ಕಟ್ಟಿತು. ಅಷ್ಟು ಹೊತ್ತೂ ಅವಳ ಕೈ ಸೊಂಟಕ್ಕೆ ಹೋಗಲಿಲ್ಲ. ಅದನ್ನು ನಾನೂ ನೋಡಿದೆ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯೂ ನೋಡಿದಳು. ಯಾರಿಗೂ ಬೇಡದ ಆಟಕ್ಕೆ ಅವತ್ತಿನಿಂದ ಮರ್ಯಾದೆ ಬಂತು.

ಪೆಟ್ಟಿಗೆ ತಳ್ಳುವುದು ಅವ್ವನಿಗೆ ಬೇಗ ಬೇಸರವಾಯಿತು. "ಹಮಾಲಿ ಕೆಲ್ಸ ಕಣ್ಲಾ ಇದು" ಎಂದಳು. ಸರಿ, ಪೆಟ್ಟಿಗೆ ಅಳಿಸಿ ಕುರಿ ಬರೆದೆ. ಆಳಿನ ಹೆಗಲಿಗೊಂದು ಕಂಬಳಿ ಹಾಕಿದೆ. ಗೋದಾಮು ಹೋಗಿ, ಮುಳ್ಳುಬೇಲಿ ಕಟ್ಟಿದ ಕುರಿ ರೊಪ್ಪ ಬಂತು. ಪರದೆಯ ಮೇಲಿನ ಕುರಿಯೆಂದರೆ ಕೆಲವೇ ಚುಕ್ಕೆ, ದೂರದಿಂದ ಕಡಲೆಬೀಜದ ಹಾಗೆ ಕಾಣುತ್ತಿತ್ತು. "ಕುರೀನ ಇಂಗೆ ಹಿಂದ್ಲಿಂದ ನೂಕ್ತಾರೇನ್ಲಾ?" ಎಂದು ನಕ್ಕಳು. ಆದರೂ ಆಡಿದಳು. ಒಂದು ಲೆವೆಲ್ ಸಿಕ್ಕಿಕೊಂಡರೆ ಜಿಗಣೆಯ ಹಾಗೆ ಕಚ್ಚಿಕೊಳ್ಳುವಳು, ಊಟಕ್ಕೆ ಕರೆದರೂ ಏಳಳು. ಕಷ್ಟವಾಗುತ್ತಿದ್ದದ್ದು ಮುಗಿದಾಗ. ಮುಗಿದ ಕೂಡಲೇ ಯಂತ್ರ ಕೆಳಗಿಡುವಳು, ಕೈ ಸೊಂಟ ತಡಕುವುದು, ಮುಖ ಸಪ್ಪಗಾಗುವುದು. ಆದ್ದರಿಂದ ನಾನು ಬಸ್ಸಿನಲ್ಲಿ ಹೋಗುವಾಗ ಬರುವಾಗ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಹೊಸ ಲೆವೆಲ್ ಕಟ್ಟತೊಡಗಿದೆ. ಯಾವುದನ್ನೂ ಪೂರ್ತಿ ಮಾಡದ ನನ್ನಂಥವನಿಗೆ ಇದೊಂದು ಹೊಸ ಅನುಭವ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ "ತಂದ್ಯಾ?" ಎಂದು ಕೇಳುವಳು, ನಾನು ಚಿಕ್ಕವನಿದ್ದಾಗ ಸಂತೆಯಿಂದ ಬಂದ ಅಪ್ಪನನ್ನು ಕೇಳುತ್ತಿದ್ದ ಹಾಗೆ.

ಆಟ ಇನ್ನೂ ಚೆನ್ನಾಗಿರಲಿ ಎಂದು ಒಂದು ದಿನ ಪರದೆಯ ಮೂಲೆಯಲ್ಲಿ ಅಂಕಿ ಹಾಕಿದೆ. ಇಷ್ಟು ಕುರಿಯಲ್ಲಿ ಇಷ್ಟು ಒಳಗೆ ಬಂದಿವೆ ಎಂದು ಅದು ತೋರಿಸುತ್ತದೆ. ಜಗತ್ತಿನ ಎಲ್ಲ ಆಟದಲ್ಲೂ ಇರುವುದೇ. ಅವ್ವ ನೋಡಿದಳು. ಅವಳ ಮುಖ ಬದಲಾಯಿತು. ಯಂತ್ರವನ್ನು ಟೀವಿ ಮೇಲಿಟ್ಟು ಒಳಗೆ ಹೋದಳು.

ನಮ್ಮಲ್ಲಿ ಕುರಿ ಎಣಿಸುವುದಿಲ್ಲ. ಸಂಜೆ ರೊಪ್ಪದ ಬಾಯಲ್ಲಿ ನಿಂತು ಒಂದೊಂದರ ಮುಖ ನೋಡಿ, ಯಾವುದು ಬಂದಿಲ್ಲ ಎಂದು ಹೇಳುತ್ತಾರೆಯೇ ಹೊರತು ಎಷ್ಟು ಬಂದವು ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಎಣಿಸಿದರೆ ಮಂದೆಗೆ ದೃಷ್ಟಿ ಎನ್ನುವುದು ಲಾಗಾಯ್ತಿನಿಂದ ಬಂದ ನಂಬಿಕೆ. ವ್ಯಾಪಾರಕ್ಕೆ ಬಂದವರು ಕೇಳಿದರೂ "ಅವೆ ಒಂದಷ್ಟು" ಎನ್ನುತ್ತಾರೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಪರದೆಯ ಮೇಲಿನ ಚುಕ್ಕೆಗೂ ದೃಷ್ಟಿಯೇ?

ಆ ವಾರವೇ ತಮ್ಮನ ಫೋನು ಬಂತು. ಮಂದೆಗೆ ನೀಲಿನಾಲಿಗೆ ರೋಗ ಬಿದ್ದಿತ್ತು. ಕುರಿಗಳ ಬಾಯಿ ಊದಿತ್ತು, ಮೇವು ಮುಟ್ಟುತ್ತಿರಲಿಲ್ಲ, ಕೆಲವು ಸತ್ತೂ ಹೋಗಿದ್ದವು. ಫೋನು ಎತ್ತಿದ್ದವಳು ಅವ್ವನೇ. ಇಟ್ಟವಳೇ ನನ್ನ ಕಡೆ ತಿರುಗಿದಳು.

"ಎಣ್ಸುದ್ಯಲ್ಲ, ತಣ್ಣಗಾಯ್ತಾ? ಹೋದ್ವು ನೋಡು."

"ಸೊಳ್ಳೆಯಿಂದ ಬರೋ ರೋಗ ಕಣವ್ವ ಅದು. ಮಳೆಗಾಲದಾಗೆ ಬತ್ತದೆ. ಈ ಡಬ್ಬಿಗೂ ಅದ್ಕೂ ಏನವ್ವ ಸಂಬಂಧ?" ಎಂದು ನಾನು ಕೂಗಾಡಿದೆ. ಮರುದಿನ ಸಂಜೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ತಡೆದು, ಮಾತಾಡದೆ ಮೂಗು ತೋರಿಸಿದಳು. ಮನೆಯೊಳಗೆ ಕಡ್ಡಿಪುಡಿಯ ಘಾಟು. ಅವ್ವ ಹಿತ್ತಲ ಕಲ್ಲಿನ ಮೇಲೆ ಕೂತು, ದವಡೆ ಉಬ್ಬಿಸಿಕೊಂಡು, ಗೋಡೆ ನೋಡುತ್ತಿದ್ದಳು. ಬೀದಿ ಕೊನೆಯ ಅಂಗಡಿಗೆ ತಾನೇ ಹೋಗಿ ತಂದಿದ್ದಳು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಡಾಕ್ಟರು ತೋರಿಸಿದ್ದ ಆ ಬಿಳಿ ಮಚ್ಚೆಯ ಮೇಲೇ ಆ ಪುಡಿ ಕೂತಿತ್ತು.

"ವಾದ ಗೆದ್ದು ಏನ್ ಮಾಡ್ತೀರ?" ಎಂದಳು ಹೆಂಡತಿ. "ಆ ಅಂಕಿ ತೆಗೀರಿ."

ತೆಗೆದೆ. ಮೂಲೆ ಖಾಲಿಯಾಯಿತು. ಅವ್ವನನ್ನು ಪುಸಲಾಯಿಸಿ ಕೈಗೆ ಕೊಟ್ಟೆ. ಆಡಿದಳು, ರೊಪ್ಪ ತುಂಬಿತು. ಆಗ ಯಂತ್ರ ಟಿಕ್, ಟಿಕ್, ಟಿಕ್ ಎಂದಿತು. ಪ್ರತಿ ಕುರಿಗೊಂದು ಸದ್ದು ಬರಲಿ ಎಂದು ನಾನೇ ಹಿಂದೆ ಇಟ್ಟದ್ದು, ಮರೆತೇ ಹೋಗಿತ್ತು.

"ಮೊದ್ಲು ಬರ್ದು ತೋರಿಸ್ತಿತ್ತು, ಈಗ ಬಾಯಾಗೇ ಎಣ್ಸ್ತೈತೆ" ಎಂದು ಅವ್ವ ಅದನ್ನು ನನ್ನ ಮಡಿಲಿಗೆ ಎಸೆದಳು.

ಸದ್ದನ್ನೂ ತೆಗೆದೆ. ಅವಳು ಮುಟ್ಟಲಿಲ್ಲ. ನನ್ನ ಮುಖವನ್ನೇ ನೋಡುತ್ತ, "ಒಳ್ಗೆ? ಒಳ್ಗೆ ಎಣ್ಸಲ್ವಾ?" ಎಂದು ಕೇಳಿದಳು.

ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಯಂತ್ರದ ಹೊಟ್ಟೆಯಲ್ಲಿ ಏನಿದೆ ಎಂದು ನೋಡಲು ಅವಳಿಗೆ ಬರುವುದಿಲ್ಲ. ಆದರೆ ಒಳಗೆ ಎಣಿಸುತ್ತಿತ್ತು. ಒಂದು ಕುರಿ ಜಾಗಕ್ಕೆ ಬಂದರೆ ಒಂದು ಕೂಡು, ಜಾಗ ಬಿಟ್ಟರೆ ಒಂದು ಕಳೆ, ಮೊತ್ತ ಸರಿಹೋದರೆ ಆಟ ಮುಗಿಯಿತು. ಹಾಗೆ ನಾನೇ ಬರೆದಿದ್ದೆ. ನಾನು ತಡವರಿಸಿದ್ದು ಅವಳಿಗೆ ಸಾಕಾಯಿತು, ಎದ್ದು ಹೋದಳು.

ಮರುದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳನ್ನು ಮನಸ್ಸಿನಲ್ಲೇ ಬೈಯುತ್ತ ಆ ಭಾಗವನ್ನು ಅಳಿಸಿ ಬೇರೆ ಬರೆದೆ. ಈಗ ಅದು ಕೂಡಿಸುವುದಿಲ್ಲ. ಪ್ರತಿ ಹೆಜ್ಜೆಗೂ ರೊಪ್ಪದ ಒಂದೊಂದು ಜಾಗದ ಹತ್ತಿರ ಹೋಗಿ ಇಲ್ಲಿ ಯಾವುದಾದರೂ ಬಂದಿದೆಯೇ ಎಂದು ನೋಡುತ್ತದೆ. ಖಾಲಿ ಜಾಗ ಸಿಕ್ಕಿದರೆ ಅಲ್ಲೇ ನಿಲ್ಲುತ್ತದೆ. ಎಲ್ಲೂ ಖಾಲಿ ಸಿಗದಿದ್ದರೆ ಬಾಗಿಲು ಹಾಕುತ್ತದೆ. ಮೊದಲಿನದಕ್ಕಿಂತ ಇದು ಕೆಟ್ಟ ಕೋಡ್. ಆ ಬಡ ಯಂತ್ರ ದೊಡ್ಡ ಲೆವೆಲ್ಲುಗಳಲ್ಲಿ ಏದುಸಿರು ಬಿಟ್ಟು ಮುಗ್ಗರಿಸತೊಡಗಿತು. ನನ್ನಂತೆ ಹಳೆಯ ಯಂತ್ರಗಳಿಗೆ ಬರೆಯುವವರು ಯಾರಾದರೂ ನೋಡಿದರೆ ನಕ್ಕಾರು. ನಗಲಿ. ಕುರಿಗಳ ಮುಖವನ್ನೂ ಬೇರೆ ಬೇರೆ ಮಾಡಿದೆ. ಒಂದಕ್ಕೆ ಕರಿ ಮೂತಿ, ಒಂದಕ್ಕೆ ಮೊಂಡ ಕಿವಿ, ಒಂದಕ್ಕೆ ಬೆನ್ನ ಮೇಲೆ ಮಚ್ಚೆ. ಅಷ್ಟು ಹೊತ್ತಿಗೆ ಯಂತ್ರದಲ್ಲಿದ್ದ ಜಾಗ ಮುಗಿಯಿತು.

"ಇಲ್ಲ ಕಣವ್ವ, ಎಲ್ಲೂ ಎಣ್ಸಲ್ಲ" ಎಂದು ಸಂಜೆ ಅವಳ ಮುಂದಿಟ್ಟೆ. ಅವಳು ಯಂತ್ರ ನೋಡಲಿಲ್ಲ, ಮೊದಲು ನನ್ನ ಮುಖ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿ ಬಂದು, ಗೋಡೆಗೊರಗಿ ಕೂತು, ಆಡಲು ಶುರು ಮಾಡಿದಳು. ಊರಲ್ಲಿ ರೋಗ ಇನ್ನೂ ಕೆಲವು ಕುರಿ ಒಯ್ದು, ಲಸಿಕೆ ಹಾಕಿಸಿದ ಮೇಲೆ ನಿಂತಿತು. ಆಟಕ್ಕೂ ರೋಗಕ್ಕೂ ಸಂಬಂಧವಿಲ್ಲ ಎಂದು ಹೇಳಲು ನಾನು ಬಾಯಿ ತೆರೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ತುಮಕೂರಿಗೆ ಹೋದೆವು. ಡಾಕ್ಟರು ಟಾರ್ಚ್ ಹಿಡಿದು ತುಂಬ ಹೊತ್ತು ನೋಡಿದರು. ನಾನು ಅಷ್ಟು ಹೊತ್ತೂ ಅವರ ಮೇಜಿನ ಪೇಪರ್‌ವೇಟ್ ತಿರುಗಿಸುತ್ತಿದ್ದೆ. ಅವರು ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದಿಟ್ಟು, "ಕಮ್ಮಿಯಾಗಿದೆ. ಪೂರ್ತಿ ಹೋಗಿಲ್ಲ. ಇದೇ ಥರ ಮುಂದುವರೀಲಿ, ಮತ್ತೆ ಶುರು ಮಾಡಿದರೆ ಮಾತ್ರ ಕಷ್ಟ" ಎಂದರು. ನನಗೆ ಅಳು ಬಂದಂತಾಯಿತು, ನಗುವೂ ಬಂತು. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, ಕೈ ಮುಗಿದು ಎದ್ದಳು.

ವಾಪಸು ಬರುವಾಗ ಬಸ್ಸು ಕೊರಟಗೆರೆಯಲ್ಲಿ ನಿಂತಿತು. ಕಿಟಕಿಗೆ ಸರಿಯಾಗಿ ಒಂದು ಬೀಡಾ ಅಂಗಡಿ. ಪುಡಿಯ ಪೊಟ್ಟಣಗಳ ಸರ ಗಾಳಿಗೆ ಅಲ್ಲಾಡುತ್ತಿತ್ತು. ಅವ್ವ ಅದನ್ನೇ ನೋಡುತ್ತಿದ್ದಳು.

"ಕಮ್ಮಿ ಆಯ್ತು ಅಂದ್ರಲ್ಲ ಡಾಕ್ಟ್ರು" ಎಂದಳು. "ಒಂದೇ ಒಂದು ಚಿಟಿಕೆ ಹಾಕ್ಕಂಡ್ರೆ ಏನಾದಾತು?"

ಸಿಟ್ಟು ನೆತ್ತಿಗೇರಿತು. ಬಸ್ಸಿನಲ್ಲೇ ಕೂಗಬೇಕೆನ್ನಿಸಿತು. ಆದರೆ ಅವಳ ಮುಖದಲ್ಲಿ ಹಟ ಇರಲಿಲ್ಲ, ಅಂಗಲಾಚುವಿಕೆ ಇತ್ತು. ಎಷ್ಟು ಕಷ್ಟಪಟ್ಟು ಬಿಟ್ಟಿದ್ದಳು, ಎಷ್ಟು ಕಷ್ಟಪಟ್ಟು ಈಗಲೂ ಬಿಡುತ್ತಿದ್ದಳು ಎಂದು ನನಗೆ ಆಗ ಕಾಣಿಸಿತು.

"ಆಟ ಆಡವ್ವ" ಎಂದೆ.

"ಎಲ್ಲಾ ಮುಗ್ದೋದ್ವು ಕಣ್ಲಾ. ಆಸ್ಪತ್ರೇಲೇ ಮುಗುಸ್ಬುಟ್ಟೆ. ಹೊಸ್ದು ಐತಾ?"

ಇರಲಿಲ್ಲ. ಆ ವಾರವೆಲ್ಲ ಆಸ್ಪತ್ರೆಯ ಭಯದಲ್ಲಿ ಒಂದೂ ಮಾಡಿರಲಿಲ್ಲ. "ಐತೆ, ತಡಿ" ಎಂದು ಲ್ಯಾಪ್‌ಟಾಪ್ ತೆರೆದೆ. ಬಸ್ಸು ಹೊರಟಿತು. ಕುಲುಕಾಟದಲ್ಲಿ ಬೇಲಿ ಎಳೆದೆ, ಕೈಗೆ ಬಂದ ಕಡೆ ಬಂಡೆ ಇಟ್ಟೆ, ಕುರಿಗಳನ್ನು ಮೂಲೆ ಮೂಲೆಗೆ ಅಟ್ಟಿದೆ, ರೊಪ್ಪದ ಬಾಯನ್ನು ಇಕ್ಕಟ್ಟು ಮಾಡಿದೆ. ಪ್ರತಿ ಲೆವೆಲ್ಲನ್ನೂ ನಾನೇ ಒಮ್ಮೆ ಬಿಡಿಸಿ, ಬಿಡಿಸಲು ಬರುತ್ತದೆ ಎಂದು ಖಾತ್ರಿ ಮಾಡಿಕೊಂಡೇ ಕೊಡುವುದು ನನ್ನ ಪದ್ಧತಿ. ಆವತ್ತು ವ್ಯವಧಾನ ಇರಲಿಲ್ಲ. ಮೆಮೊರಿ ಕಾರ್ಡಿಗೆ ಹಾಕಿ, ಯಂತ್ರಕ್ಕೆ ಸಿಕ್ಕಿಸಿ, ಅವಳ ಚಾಚಿದ ಕೈಗೆ ಇಟ್ಟೆ.

ಅವ್ವ ಪರದೆಯನ್ನು ದೂರ ಹಿಡಿದು ನೋಡಿದಳು. ಹುಬ್ಬು ಗಂಟಾಯಿತು. ಒಂದು ಕುರಿ ತಳ್ಳಿದಳು, ಸಿಕ್ಕಿಕೊಂಡಿತು. ಬೈದು ಮೊದಲಿಂದ ಶುರು ಮಾಡಿದಳು, ಮತ್ತೆ ಸಿಕ್ಕಿಕೊಂಡಿತು. ಈ ಲೆವೆಲ್ ಬಿಡಿಸಲು ಆಗುವಂಥದ್ದೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಆಗದೇ ಇರಲಿ ಎಂದು ಪಕ್ಕದಲ್ಲಿ ಕೂತು ಬೇಡಿಕೊಂಡೆ.